ಶೇಂಗಾನ ಅಳತಿ

ಮೂವತ್ತೊಂದು ವರ್ಷ ಜಂಪರದ ಅಳತಿ ತಗೊಂಡ ಟೇಪು,
ತುದಿಯ ತಗಡು ಉದುರಿ ಅರ್ಧ ಇಂಚು ಸವದೈತಿ.
ಅದನ್ನೂ ಲೆಕ್ಕಕ್ಕ ಹಿಡೀತೇನಿ.
ಇವತ್ತು ಅದ ಟೇಪು ನಾಯಿ ಮ್ಯಾಲ.

ನಿಂದ್ರು ಶೇಂಗಾ, ಅಂದ್ರ ಕುಂತಳು.
ಕುಂದ್ರು, ಅಂದ್ರ ಅಂಗಾತ ಬಿದ್ದು ಹೊಟ್ಟಿ ತೋರಿಸಿದಳು.
ಮೂಗಿನಿಂದ ಬಾಲದ ಬುಡ ಇಪ್ಪತ್ತೆಂಟು,
ನೆಲದಿಂದ ಕಿವಿ ತುದಿ ಇಪ್ಪತ್ಮೂರು,
ಎದಿ ಸುತ್ತಳತಿ ಬ್ಯಾಡಾಗಿತ್ತು,
ಕೈ ಸುಮ್ಮನಿರಲಿಲ್ಲ, ಅದನ್ನೂ ಬರಕೊಂಡೆ.

ಗದಗ ರೋಡಿನ ವೆಲ್ಡಿಂಗ್ ಅಂಗಡಿ ಮಕ್ತುಮ
ಕಿಟಕಿ ಗ್ರಿಲ್ ಬಿಟ್ಟು ಎದ್ದು ಬಂದ.
‘ಅಕ್ಕಾರ, ದೊಡ್ಡದ ಮಾಡೂಣು, ಅರಮನಿ ಆಗಲಿ.’
ಬ್ಯಾಡೋ ತಮ್ಮಾ, ಸಡಿಲ ಅಂದ್ರ ಸುಖ ಅಲ್ಲ.
ತೋಳು ಸಡಿಲಾದ ಜಂಪರು ಹೆಗಲಿಂದ ಜಾರತೈತಿ,
ಗೂಡು ಸಡಿಲಾದ್ರ, ಬ್ರೇಕ್ ಒತ್ತಿದಾಗ
ಒಳಗಿನ ಜೀವ ಸರಳಿಗೆ ಬಡೀತೈತಿ.
ಎದ್ದು ನಿಂದ್ರಬೇಕು, ಒಂದು ಸುತ್ತು ತಿರಗಬೇಕು,
ಮುದುಡಿ ಮಲಗಬೇಕು.
ನಾಕು ಬೆರಳು ಹೆಚ್ಚಿಗಿ ಬಿಡು, ಸಾಕು.

ನನಗ ಗೊತ್ತು, ಯಾಕಂದ್ರ
ಸೀಗಿ ಹುಣ್ಣಿವಿ ಮುಂದ, ಅಣ್ಣಿಗೇರಿ ದಾಟಿ,
ಒಂದು ಎಮ್ಮಿ ರೋಡಿನ ನಡುವ ವಿಚಾರ ಮಾಡಕೋತ ನಿಂತಿತ್ತು.
ನನ್ನ ಬೆಲ್ಟು ನನ್ನ ಹಿಡೀತು.
ಹಿಂದ ಸೀರಿ ಗಂಟಿನ ಮ್ಯಾಲ ಮಲಗಿದ್ದಾಕಿನ್ನ
ಹಿಡಿಯಾಕ ಏನಿತ್ತು?
ಹಾರಿ ಬಂದು ಗೇರಿಗೆ ಬಡದಳು.
ಎಮ್ಮಿ ಹೊಳ್ಳಿ ಸುದ್ದಾ ನೋಡಲಿಲ್ಲ.

ಆ ಕೋರಿ ಹಲ್ಲು ನನ್ನ ಗುಂಡಿ ಡಬ್ಬ್ಯಾಗ ಐತಿ.
ಅವಸರದಾಗ ಒಮ್ಮೊಮ್ಮೆ
ಗಿರಾಕಿ ಅಂಗಿಗೆ ಅದನ್ನ ಆರಿಸ್ತೇನಿ,
ಸೂಜಿ ಹಾಕಾಕ ತೂತು ಹುಡುಕತೇನಿ.

ಗೂಡು ಬಂತು. ‘ನಾಯಿಗಿ ಜೇಲು’ ಅಂದ ನನ್ನ ಗಂಡ ವಾಮನ,
ಪೇಪರ್ ಮಡಚಿ ಒಳಗ ಹೋದ.
ರಾತ್ರಿ ಎದ್ದು ನೋಡಿದ್ರ ಪಡಸಾಲ್ಯಾಗ ಕುಂತು
ಸರಳಿನ ಚೂಪುಗಳನ್ನೆಲ್ಲಾ ಕಾನಸಿಲೆ ತಿಕ್ಕಾಕತ್ತಿದ್ದ,
ಒಂದೊಂದಕ್ಕೂ ಹೆಬ್ಬೆಟ್ಟು ಸವರಿ ನೋಡಾಕತ್ತಿದ್ದ.

ಹಾಸಾಕ ಕೌದಿ ಹೊಲದೆ.
ಒಳಗ ಊರ ಮಂದಿ ಜಂಪರದ ತುಂಡು,
ಮ್ಯಾಲ ನನ್ನ ಹಳೇ ವೈಲ್ ಸೀರಿ, ಒಗೀಲಾರದ್ದು,
ವಾಸನಿ ಇರ್ಲಿ ಅಂತ.
ಗೊಂಡೆ ಹಚ್ಚಲಿಲ್ಲ, ಅಕಿ ಹರದು ನುಂಗತಾಳ.

ಎಂಟು ದಿನ ಗೂಡು ಬಾಗಲಾ ತಗದ ಬಿದ್ದಿತ್ತು.
ಮೊದಲ ದಿನ ಕೌದಿ ಎಳಕೊಂಡು ಹಿತ್ತಲಕ್ಕ ಓಡಿದಳು.
ಮೂರನೇ ದಿನ ರೊಟ್ಟಿ ಚೂರಿಗೆ ಮುಂದಿನ ಕಾಲೆರಡು ಒಳಗ,
ಹಿಂದಿನವೆರಡು ಹೊರಗ, ಸಾಕ್ಷಿಗೆ.
ಐದನೇ ದಿನ ಮಧ್ಯಾಹ್ನ ತಾನ ಹೋಗಿ ಮಲಗಿದಳು.
ಆಮ್ಯಾಲ ಬಾಗಲಾ ಮುಚ್ಚಿದೆ,
ಒಂದು ಕಾಜಾ ಹೊಲಿಯೂವಷ್ಟು ಹೊತ್ತು,
ಮರುದಿನ ಎರಡು,
ಅದರ ಮರುದಿನ ಪೂರಾ ಒಂದು ತೋಳು.

ಹಿಂದಿನ ಸೀಟು ಮಡಚಿ ನಾಕೂ ಮೂಲಿಗೆ ಪಟ್ಟಿ ಬಿಗದೆ.
ದೂಡಿ ನೋಡಿದೆ:
ಕಾರು ಅಳ್ಳಾಡಿತು, ಗೂಡು ಅಳ್ಳಾಡಲಿಲ್ಲ.
ಬಿಸಲ ಕಡೆ ಒದ್ದಿ ಪಂಚೆ, ಗಾಳಿ ಕಡೆ ಬಯಲು.
ಮುಂಜಾನೆ ಊಟ ಇಲ್ಲ, ಎರಡು ಗುಟಕ ನೀರು.

ಶಿರಗುಪ್ಪಿ ತನಕ ನನಗ ಬೈದಳು.
ನಲವಡಿಗೆ ಬೈಗುಳ ಆಕಳಿಕಿ ಆತು.
ಅಲ್ಲೇ, ಹತ್ತಿ ಹೇರಿದ ಟ್ರ್ಯಾಕ್ಟರು
ಹೊಲದಿಂದ ಒಮ್ಮಿಲೆ ಮೂತಿ ಚಾಚಿತು.
ಬ್ರೇಕು.
ಡ್ಯಾಶ್‌ಬೋರ್ಡಿನ ಕತ್ತರಿ ಬಿತ್ತು, ಉಂಡಿ ಉರಳಿತು,
ನನ್ನ ಎದಿ ನಿಂತು ಮತ್ತ ಚಾಲೂ ಆತು.
ಹೊಳ್ಳಿ ನೋಡಿದೆ.
ಒಂದು ಕಣ್ಣು ತಗದಳು,
ಮುಚ್ಚಿದಳು.
ಹೊರಗ ಕರಿ ಮಣ್ಣಿನ ಮ್ಯಾಲ ಹತ್ತಿ ಎಳಿ ಹಾರಾಕತ್ತಿದ್ದವು,
ಸ್ವಲ್ಪ ಹೊತ್ತು ನಾನೂ ಸುಮ್ಮನ ಕುಂತೆ.

ಬೆಟಗೇರ್ಯಾಗ ನೇಕಾರ ತುಳಸವ್ವ ಬಗ್ಗಿ ನೋಡಿ,
‘ನಮ್ಮ ಯಜಮಾನ್ರಿಗೂ ಒಂದು ಹೊಲದು ಕೊಡವಾ,
ಬಸ್ಸಿನ್ಯಾಗ ಮಂದಿ ಮ್ಯಾಲ ತೂಕಡಸ್ತಾರ’ ಅಂದಳು.
ಮಗ್ಗದ ಸಪ್ಪಳ ನಿಂತು ಎಲ್ಲಾರೂ ನಕ್ಕರು.
ಬಾಗಲಾ ತಗದ್ರೂ ಶೇಂಗಾ ಇಳೀಲಿಲ್ಲ.

ಮಕ್ತುಮ ರೊಕ್ಕ ಬ್ಯಾಡ ಅಂದಾನ,
ಅವನ ಹೆಂಡತಿಗೆ ಎರಡು ಜಂಪರು ಹೊಲದ್ರ ಸಾಕಂತ.
ಅಳತಿಗೆ ಹಳೇದೊಂದು ಕಳಿಸ್ಯಾನ,
ಲಗ್ನದಾಗಿನದು.
ಮೂರು ಕೂಸು ಆಗ್ಯಾವ.
ಅಕಿನ್ನ ಕಳಸಂತ ಹೇಳಬೇಕು,
ನಿಂದ್ರಿಸಿ ಟೇಪು ಹಿಡದು ನೋಡಬೇಕು.